ನಿಮಗಿದು ಗೊತ್ತೇ? ಬಿಸಿಲು ಮರೆಸಿ ಬೆಳೆದ ಹಸಿರು ಪುಡಿ

ಬೆಂಗಳೂರಿನ ಕೆಫೆಯಲ್ಲಿ ಒಂದು ಲೋಟ ಮಾಚಾ ಲಾಟೆಗೆ ಕೊಡುವ ದುಡ್ಡಿನಲ್ಲಿ ಪಕ್ಕದ ದರ್ಶಿನಿಯಲ್ಲಿ ಮನೆಮಂದಿಯೆಲ್ಲ ಇಡ್ಲಿ ತಿಂದು ಕಾಫಿ ಕುಡಿಯಬಹುದು. ಆ ಜಪಾನಿ ಪುಡಿಯಲ್ಲಿ ಅಂಥದ್ದೇನಿದೆ? ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದದ್ದರಲ್ಲಿ ಹೆಚ್ಚೇನಿಲ್ಲ. ಬರೆಯದೆ ಬಿಟ್ಟದ್ದರಲ್ಲೇ ಸ್ವಾರಸ್ಯವಿದೆ.

ಗಿಡ ಮಾತ್ರ ಅದೇ. ನಾವು ಶುಂಠಿ ಜಜ್ಜಿ ಹಾಕಿ ಕುದಿಸುವ ಚಹಾ, ನೀಲಗಿರಿಯ ಚಹಾ, ಚಿಕ್ಕಮಗಳೂರಿನ ಬೆರಳೆಣಿಕೆಯ ತೋಟಗಳ ಚಹಾ, ಜಪಾನಿನ ಮಾಚಾ ಎಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದವು. ಚಹಾ ಕಪ್ಪಾಗುವುದು, ಹಸಿರಾಗಿಯೇ ಉಳಿಯುವುದು ಎಲೆ ಕೊಯ್ದ ಮೇಲಿನ ವಿಚಾರ. ಮಾಚಾದ ಕಥೆ ಕೊಯ್ಯುವ ಮುಂಚೆಯೇ ಶುರುವಾಗುತ್ತದೆ.

ಕೊಯ್ಲಿಗೆ ಸುಮಾರು ಮೂರು ವಾರ ಇರುವಾಗ ತೋಟಕ್ಕೆ ಚಪ್ಪರ ಹಾಕಿ ಬಿಸಿಲು ತಡೆಯುತ್ತಾರೆ. ಹಿಂದೆ ಜೊಂಡಿನ ಚಾಪೆ ಹಾಸಿ ಅದರ ಮೇಲೆ ಭತ್ತದ ಹುಲ್ಲು ಹರವುತ್ತಿದ್ದರು. ಕ್ಯೋಟೊ ಪಕ್ಕದ ಊಜಿಯ ಕೆಲವು ತೋಟಗಳಲ್ಲಿ ಈಗಲೂ ಹಾಗೆಯೇ ಮಾಡುತ್ತಾರೆ, ಉಳಿದ ಕಡೆ ಕಪ್ಪು ಬಲೆ ಬಂದಿದೆ. ಹುಲ್ಲು ದಪ್ಪವಾದಷ್ಟೂ ಬೆಳಕು ಕಡಿಮೆಯಾಗುತ್ತದೆ. ಕೊನೆಯ ದಿನಗಳಲ್ಲಿ ಚಿಗುರಿಗೆ ಹತ್ತರಲ್ಲೊಂದು ಪಾಲು ಬಿಸಿಲೂ ಸಿಗುವುದಿಲ್ಲ. ಸಿಕ್ಕಷ್ಟನ್ನೇ ಹಿಡಿದಿಟ್ಟುಕೊಳ್ಳಲು ಎಲೆ ತೆಳ್ಳಗಾಗಿ ಅಗಲವಾಗುತ್ತದೆ, ಪತ್ರಹರಿತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಕಣ್ಣು ಕುಕ್ಕುವ ಹಸಿರು ಬರುವುದು ಹೀಗೆ, ಬಣ್ಣ ಹಾಕಿ ಅಲ್ಲ.

ರುಚಿಯ ಗುಟ್ಟೂ ಅಲ್ಲೇ ಇದೆ. ಥಿಯನಿನ್ ಎಂಬ ಅಮೈನೊ ಆಮ್ಲ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ಬಿಸಿಲು ಬಿದ್ದರೆ ಅದು ಒಡೆದು, ಒಗರು ಕೊಡುವ ಕ್ಯಾಟೆಚಿನ್‌ಗಳ ತಯಾರಿಕೆಗೆ ಖರ್ಚಾಗುತ್ತದೆ. ನೆರಳಿನಲ್ಲಿ ಆ ಕೆಲಸ ನಿಧಾನವಾಗಿ, ಥಿಯನಿನ್ ಎಲೆಯಲ್ಲೇ ಉಳಿಯುತ್ತದೆ. ಒಳ್ಳೆಯ ಮಾಚಾ ನಾಲಿಗೆಯ ಮೇಲೆ ಬೇಳೆಕಟ್ಟಿನಂತೆ ತುಂಬಿಕೊಳ್ಳುವುದು ಇದರಿಂದ. ಜೊತೆಗೆ ಮೂಗಿಗೆ ತಟ್ಟುವ ಕಡಲಪಾಚಿಯ ವಾಸನೆಯೊಂದಿದೆ. ಡೈಮೀಥೈಲ್ ಸಲ್ಫೈಡ್ ಅದಕ್ಕೆ ಕಾರಣ, ಅದು ಹೆಚ್ಚುವುದೂ ನೆರಳಿನಲ್ಲೇ. ಜಪಾನಿನ ಚಹಾ ಪರಿಣತರು ಈ ವಾಸನೆಗೇ ಹೆಚ್ಚು ದುಡ್ಡು ಕೊಡುತ್ತಾರೆ. ಕಾರವಾರ–ಮಲ್ಪೆಯವರಿಗೆ ಇದು ಹೊಸದಲ್ಲ. ಬಯಲುಸೀಮೆಯವರು ಮೊದಲ ಗುಟುಕಿಗೆ ಮುಖ ಸಿಂಡರಿಸಿದರೆ ಅವರ ತಪ್ಪೂ ಅಲ್ಲ.

ಈ ಚಪ್ಪರದ ಬಗ್ಗೆ ಬರೆದಿಟ್ಟ ಹಳೆಯ ಹೊರಗಿನವರಲ್ಲಿ ಒಬ್ಬ ಪೋರ್ಚುಗೀಸ್ ಜೆಸ್ಯುಯಿಟ್ ಪಾದ್ರಿ ಜೊವಾಂವ್ ರೊಡ್ರಿಗಸ್. ಹದಿನಾರು–ಹದಿನೇಳನೆಯ ಶತಮಾನದ ಜಪಾನ್ ಕಂಡವನು. ಎಳೆ ಚಿಗುರು ಹಿಮಕ್ಕೆ ಕರಟದಿರಲಿ ಎಂದು ಊಜಿಯವರು ತೋಟ ಮುಚ್ಚುತ್ತಾರೆ ಎಂಬುದು ಅವನ ವಿವರಣೆ. ಚಳಿಗೆ ಹೊದಿಸಿದ್ದು ರುಚಿಗೆ ಒದಗಿತು.

ಕೊಯ್ದ ಎಲೆಯನ್ನು ಅದೇ ದಿನ ಹಬೆಗೆ ಹಿಡಿಯುತ್ತಾರೆ, ಕೆಲವೇ ಸೆಕೆಂಡು. ಎಲೆಯನ್ನು ಕಪ್ಪಾಗಿಸುವ ಕಿಣ್ವಗಳು ಅಲ್ಲಿಗೆ ಮುಗಿದವು. ಬೇರೆ ಜಪಾನಿ ಹಸಿರು ಚಹಾಗಳನ್ನು ಆಮೇಲೆ ಹೊಸೆದು ಸೂಜಿಯ ಆಕಾರಕ್ಕೆ ತರುತ್ತಾರೆ, ಇದನ್ನು ಹೊಸೆಯುವುದಿಲ್ಲ. ಆಳೆತ್ತರ ಮೀರಿದ ಬಲೆಯ ಗೂಡುಗಳಲ್ಲಿ ಗಾಳಿ ಊದಿ ಎಲೆಯನ್ನು ಮೇಲಕ್ಕೆ ಹಾರಿಸಿ, ಒಂದಕ್ಕೊಂದು ಅಂಟದಂತೆ ಬಿಡಿಸಿ, ಇಟ್ಟಿಗೆಯ ಉದ್ದನೆಯ ಒಲೆಯೊಳಗೆ ಹಾಯಿಸುತ್ತಾರೆ. ಒಣಗಿದ ಮೇಲೆ ದೇಟು, ನಾರು ಎಲ್ಲ ತೆಗೆಯುತ್ತಾರೆ. ಉಳಿದ ಮೆತ್ತನೆಯ ಎಲೆಚೂರಿಗೆ ತೆಂಚಾ ಎಂದು ಹೆಸರು. ತೆಂಚಾ ಬೀಸಿದರೆ ಮಾಚಾ.

ಬೀಸುವ ಕಲ್ಲು ಗಂಟೆಗೆ ಎಷ್ಟು ಪುಡಿ ಕೊಡುತ್ತದೆ ಊಹಿಸಿ. ಕಿಲೋ? ಅರ್ಧ ಕಿಲೋ? ಬರೀ 30ರಿಂದ 40 ಗ್ರಾಂ! ಅಂಗಡಿಯಲ್ಲಿ ಸಿಗುವ ಸಣ್ಣ ಡಬ್ಬಿಯೂ ಅಷ್ಟೇ ತೂಗುತ್ತದೆ. ಒಂದು ಡಬ್ಬಿಗೆ ಒಂದು ಕಲ್ಲಿನ ಒಂದು ಗಂಟೆ ಎಂದುಕೊಳ್ಳಬಹುದು. ಗ್ರಾನೈಟ್ ಕಲ್ಲನ್ನು ಜೋರಾಗಿ ತಿರುಗಿಸಿದರೆ ಬಿಸಿಯಾಗಿ ಪರಿಮಳ ಹಾರಿಹೋಗುತ್ತದೆ. ಆದ್ದರಿಂದ ಮೋಟಾರಿದ್ದರೂ ಕೈಯಲ್ಲಿ ತಿರುಗಿಸುವ ವೇಗವೇ. ಕಣಗಳ ಗಾತ್ರ ಹೆಚ್ಚಾಗಿ 5ರಿಂದ 10 ಮೈಕ್ರಾನ್. ಬೆರಳಲ್ಲಿ ತಿಕ್ಕಿದರೆ ಪುಡಿ ಎನ್ನಿಸುವುದೇ ಇಲ್ಲ, ಚರ್ಮದ ಗೆರೆಗಳೊಳಗೆ ಇಳಿದು ಕೂರುತ್ತದೆ. ಅಗ್ಗದ ಮಾಲು, ಬೇಕರಿಗೆ ಹೋಗುವ ಮಾಲು ಯಂತ್ರದ ಗಿರಣಿಯಲ್ಲಿ ಬೇಗ ಆಗುತ್ತದೆ. ಐಸ್‌ಕ್ರೀಮಿಗೆ ಅದು ಸಾಕು, ಬೇಸರವೇನಿಲ್ಲ.

ಕೊಳ್ಳುವವರ ಕಿವಿಗೆ

‘ಸೆರಿಮೋನಿಯಲ್ ಗ್ರೇಡ್’ ಎಂದು ಡಬ್ಬಿಯ ಮೇಲೆ ಇದೆಯೇ? ಜಪಾನಿನಲ್ಲಿ ಆ ಹೆಸರಿನ ಸರಕಾರಿ ದರ್ಜೆ ಯಾವುದೂ ಇಲ್ಲ. ಅದು ಹೊರದೇಶದ ಮಾರುಕಟ್ಟೆಗೆ ಹುಟ್ಟಿಕೊಂಡ ಮಾತು, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಮಾಚಾ ಎಂದರೆ ಇಂತಿಂಥದ್ದು ಎಂದು ವಿವರಿಸುವ ತಾಂತ್ರಿಕ ವರದಿಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಹೊರತಂದದ್ದೇ 2022ರಲ್ಲಿ. ಅದೂ ಕಾನೂನಲ್ಲ.

ಹಾಗಾದರೆ ಜಪಾನಿನ ಹಳೆಯ ಅಂಗಡಿಗಳು ದರ್ಜೆಯನ್ನು ಹೇಗೆ ಸೂಚಿಸುತ್ತವೆ? ಪ್ರತಿ ಮಿಶ್ರಣಕ್ಕೂ ಒಂದು ಹೆಸರು. ವಾಡಿಕೆಯಂತೆ ‘ಮುಕಾಶಿ’ ಎಂದು ಮುಗಿಯುವ ಹೆಸರುಗಳು ಗಟ್ಟಿ ಚಹಾಕ್ಕೆ, ‘ಶಿರೊ’ ಎಂದು ಮುಗಿಯುವವು ತೆಳು ಚಹಾಕ್ಕೆ. ಗಟ್ಟಿ ಚಹಾಕ್ಕೆ ತಡೆಯುವ ಪುಡಿಯಲ್ಲಿ ಒಗರು ತೀರ ಕಡಿಮೆ ಇರಬೇಕು, ಅದಕ್ಕೇ ಅದು ದುಬಾರಿ. ಹಾಲಿಗೆ ಹಾಕುವವರು ಅದಕ್ಕೆ ದುಡ್ಡು ಸುರಿಯುವುದು ದಂಡ. ಹಾಲಿನ ಎದುರು ನಿಲ್ಲಲು ಸ್ವಲ್ಪ ಒಗರು ಇರುವ ಪುಡಿಯೇ ಬೇಕು.

‘ಊಜಿ’ ಎಂದು ಬರೆದಿದ್ದರೆ ಎಲೆ ಊಜಿ ಪಟ್ಟಣದ್ದೇ ಎಂದೇನೂ ಇಲ್ಲ. ಕ್ಯೋಟೊದ ಚಹಾ ವ್ಯಾಪಾರಿಗಳ ಸಂಘ 2004ರಲ್ಲಿ ಮಾಡಿಕೊಂಡ ವ್ಯಾಖ್ಯೆಯ ಪ್ರಕಾರ ಕ್ಯೋಟೊ, ನಾರಾ, ಶಿಗಾ, ಮಿಯೆ ಈ ನಾಲ್ಕು ಪ್ರಾಂತ್ಯಗಳ ಎಲೆಯನ್ನು ಕ್ಯೋಟೊದಲ್ಲಿ ಸಂಸ್ಕರಿಸಿದರೆ ಅದು ಊಜಿ ಚಹಾ. ಕ್ಯೋಟೊದ ಎಲೆಗೆ ಮೊದಲ ಮಣೆ, ಅಷ್ಟೇ. ಐಚಿ ಪ್ರಾಂತ್ಯದ ನಿಶಿಯೊ, ಫುಕುಒಕಾದ ಯಾಮೆ, ದಕ್ಷಿಣ ತುದಿಯ ಕಾಗೊಶಿಮಾ ಇವೂ ಮಾಚಾಕ್ಕೆ ಹೆಸರಾದ ಸೀಮೆಗಳೇ. ಹೆಸರಿನ ಮೋಹ ಬಿಟ್ಟವರಿಗೆ ಅಲ್ಲಿ ಲಾಭವಿದೆ.

ಹಸಿರಾಗಿ ಪುಡಿಯಾಗಿ ಇದ್ದದ್ದೆಲ್ಲ ಮಾಚಾ ಅಲ್ಲ. ಬಿಸಿಲಲ್ಲೇ ಬೆಳೆದ ಮಾಮೂಲಿ ಸೆಂಚಾ ಎಲೆಯನ್ನು ನುಣ್ಣಗೆ ಮಾಡಿದರೆ ಅದು ಹಸಿರು ಚಹಾ ಪುಡಿ ಮಾತ್ರ. ಅದನ್ನು ಜಪಾನಿನಲ್ಲಿ ಬೇರೆ ಹೆಸರಲ್ಲೇ ಮಾರುತ್ತಾರೆ. ಇನ್ನು ‘ಮಾಚಾ ಮಿಕ್ಸ್’ ಎಂದಿದ್ದರೆ ಹಿಂಬದಿಯ ಸಣ್ಣಕ್ಷರ ಓದಿ: ಮೊದಲ ಹೆಸರು ಸಕ್ಕರೆಯದ್ದಾಗಿದ್ದರೆ ನೀವು ಕೊಳ್ಳುತ್ತಿರುವುದು ಮುಖ್ಯವಾಗಿ ಸಕ್ಕರೆ. ನುಗ್ಗೆಸೊಪ್ಪಿನ ಪುಡಿಗೂ ಇದೇ ಪಂಕ್ತಿಯಲ್ಲಿ ಎಲೆ ಹಾಕಿಸುವವರಿದ್ದಾರೆ. ನುಗ್ಗೆಸೊಪ್ಪು ಒಳ್ಳೆಯದೇ, ಹುಳಿಯಲ್ಲಿ.

ಡಬ್ಬಿ ತೆರೆದ ಮೇಲೆ ಮಾಡಬಹುದಾದ ಪರೀಕ್ಷೆಯೊಂದಿದೆ. ಬಿಳಿ ಕಾಗದದ ಮೇಲೆ ಚಿಟಿಕೆ ಪುಡಿ ಇಟ್ಟು ಬೆರಳಿನಿಂದ ಎಳೆಯಿರಿ. ಒಳ್ಳೆಯದು ಉದ್ದಕ್ಕೆ, ಒಂದೇ ಸಮನೆ, ಎಳೆಗರಿಕೆಯ ಬಣ್ಣದಲ್ಲಿ ಹರಡುತ್ತದೆ. ಒರಟು ಪುಡಿ ತುಂಡು ತುಂಡಾಗಿ ನಿಲ್ಲುತ್ತದೆ. ಹಳದಿಗೆ, ಕಂದಿಗೆ ತಿರುಗಿದ್ದರೆ ಹಳೆಯದು, ಇಲ್ಲವೇ ಬಿಸಿಲ ಎಲೆ. ಅಂಗಡಿಯವನು ತೆರೆದು ತೋರಿಸುವುದಿಲ್ಲ ನಿಜ. ಆದರೆ ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಇಟ್ಟ ಪುಡಿಯನ್ನು ಮುಟ್ಟಬೇಡಿ. ಬೆಳಕು, ಗಾಳಿ, ತೇವ, ಶಾಖ ನಾಲ್ಕೂ ಇದಕ್ಕೆ ಆಗದು. ನಮ್ಮಲ್ಲಿ ಆಮದು ಮಾಲಿನ ಮೇಲೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಅದು ಯಾವ ಬೇಸಿಗೆಯಲ್ಲಿ ಯಾವ ಗೋದಾಮಿನಲ್ಲಿ ಬೆಂದು ಬಂದಿದೆಯೋ ಕೇಳುವವರಿಲ್ಲ.

ದೊಡ್ಡ ಪೊಟ್ಟಣ ಅಗ್ಗ ಎಂದು ತರಬೇಡಿ. ತೆರೆದ ಡಬ್ಬಿಯನ್ನು ತಿಂಗಳೊಳಗೆ ಮುಗಿಸಿದರೆ ಚೆನ್ನ. ಫ್ರಿಜ್ಜಿನಲ್ಲಿಡಬಹುದು, ಆದರೆ ಹೊರತೆಗೆದ ಕೂಡಲೇ ಮುಚ್ಚಳ ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣನೆ ಪುಡಿಯ ಮೇಲೆ ಕೂರುತ್ತದೆ. ಮಂಗಳೂರಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ತಾಳಿ. ಫ್ರಿಜ್ಜಿನಲ್ಲಿ ಪಕ್ಕಕ್ಕೆ ಹೆಚ್ಚಿದ ಈರುಳ್ಳಿ ಇದ್ದರೆ ಆ ವಾಸನೆಯನ್ನೂ ಇದು ಹೀರಿಕೊಳ್ಳುತ್ತದೆ.

ತಾಜಾ ಇದ್ದಷ್ಟೂ ಒಳ್ಳೆಯದು ಎನ್ನುವವರಿಗೆ ಒಂದು ಮಾತು. ಪುಡಿ ತಾಜಾ ಇರಬೇಕೇ ಹೊರತು ಎಲೆ ಅಲ್ಲ. ಮೇ ತಿಂಗಳ ಆಸುಪಾಸು ಕೊಯ್ದ ತೆಂಚಾವನ್ನು ಜಾಡಿಯಲ್ಲಿ ತುಂಬಿ ಬಾಯಿ ಬಿಗಿದು, ಬೇಸಿಗೆಯಿಡೀ ತಂಪಿನಲ್ಲಿಟ್ಟು, ನವೆಂಬರಿನಲ್ಲಿ ಮುದ್ರೆ ಒಡೆಯುವುದು ಹಳೆಯ ಪದ್ಧತಿ. ಹೊಸ ಎಲೆಯ ಹಸಿವಾಸನೆ ಅಷ್ಟರಲ್ಲಿ ಇಳಿದಿರುತ್ತದೆ. ಚಹಾ ಲೋಕಕ್ಕೆ ನವೆಂಬರೇ ಹೊಸ ವರ್ಷ.

ಆ ಜಾಡಿಗಳಿಗೆ ಒಂದು ಕಾಲದಲ್ಲಿ ದೊರೆಯ ಮರ್ಯಾದೆ ಇತ್ತು. ಹದಿನೇಳನೆಯ ಶತಮಾನದಿಂದ ತೊಕುಗಾವಾ ಶೋಗನ್‌ಗಳ ಚಹಾ ಜಾಡಿಗಳು ಊಜಿಯಿಂದ ಎದೊಗೆ, ಅಂದರೆ ಈಗಿನ ಟೋಕಿಯೊಗೆ, ಪ್ರತಿವರ್ಷ ಮೆರವಣಿಗೆಯಲ್ಲಿ ಹೋಗುತ್ತಿದ್ದವು. ಎದುರಾದ ಸಾಮಂತರೂ ದಾರಿ ಬಿಡಬೇಕು. ಜಪಾನಿ ಮಕ್ಕಳು ಇವತ್ತಿಗೂ ಆಡುವ ‘ಜುಯಿ ಜುಯಿ ಜುಕ್ಕೊರೊಬಾಶಿ’ ಎಂಬ ಆಟದ ಹಾಡು ಜಾಡಿ ಮೆರವಣಿಗೆ ಬಂತೆಂದು ಹೆದರಿ ಮನೆಯೊಳಗೆ ಓಡುವ ಜನರ ಬಗ್ಗೆ ಎನ್ನುತ್ತಾರೆ.

ಕಡೆಯುವ ಕೈಗೆ

ಮಾಚಾ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದೆ. ಮಾಡಿಟ್ಟು ಫೋನು ನೋಡುತ್ತ ಕೂತರೆ ತಳದಲ್ಲಿ ಕೆಸರು. ಎರಡು ಮೂರು ಗುಟುಕಿನಲ್ಲಿ ಮುಗಿಸುವ ಜಪಾನಿ ರೂಢಿಗೆ ಇದೂ ಒಂದು ಕಾರಣ.

ತೆಳು ಚಹಾದ ಅಳತೆ: 2 ಗ್ರಾಂ ಪುಡಿ, 60–70 ಮಿಲಿಲೀಟರ್ ನೀರು. ಚಾಶಾಕು ಎಂಬ ಬಾಗಿದ ಬಿದಿರು ಕಡ್ಡಿಯಲ್ಲಾದರೆ ಎರಡು ಸಲ, ನಮ್ಮ ಟೀ ಚಮಚದಲ್ಲಾದರೆ ತಟ್ಟಿ ಸಮ ಮಾಡಿದ ಒಂದು ಚಮಚ. ಮೊದಲು ಜರಡಿ ಹಿಡಿಯಿರಿ. ಇದನ್ನು ಬಿಟ್ಟವರೇ ಹೆಚ್ಚು, ಗಂಟು ಕಟ್ಟಿತು ಎಂದು ಗೊಣಗುವವರೂ ಅವರೇ. ಅಷ್ಟು ನುಣ್ಣನೆಯ ಪುಡಿ ಸ್ಥಿರವಿದ್ಯುತ್ತಿನಿಂದಲೇ ಅಂಟಿಕೊಂಡಿರುತ್ತದೆ, ಎಷ್ಟು ಕಡೆದರೂ ಒಳಗೆ ಒಣ ಗಂಟು ಉಳಿದುಬಿಡುತ್ತದೆ.

ನೀರು ಕುದಿಯುತ್ತಿರಬಾರದು, 75–80 ಡಿಗ್ರಿ ಸಾಕು. ಕುದಿನೀರು ಕ್ಯಾಟೆಚಿನ್‌ಗಳ ಒಗರನ್ನೇ ಮುಂದೆ ತರುತ್ತದೆ. ಥರ್ಮಾಮೀಟರ್ ಇಲ್ಲವೇ? ಕುದಿಸಿದ ನೀರನ್ನು ಒಂದು ತಣ್ಣನೆಯ ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಗೆಲ್ಲ ಸುಮಾರು ಹತ್ತು ಡಿಗ್ರಿ ಇಳಿಯುತ್ತದೆ. ಕಾಫಿ ಆರಿಸುವ ಲೋಟ–ಬಟ್ಟಲು ಮನೆಯಲ್ಲಿದ್ದವರಿಗೆ ಈ ಪಾಠ ಬೇಕಿಲ್ಲ. ಮೊಳದೆತ್ತರದಿಂದ ಸುರಿಯಬೇಡಿ, ತೀರ ಆರಿಹೋಗುತ್ತದೆ.

ಕಡೆಯುವ ಸಾಧನ ಚಾಸೆನ್, ಬಿದಿರಿನ ಪುಟ್ಟ ಕಡಗೋಲು. ಮೊದಲು ಅದರ ಎಳೆಗಳನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಬೇಕು. ಒಣಗಿದ್ದಾಗಲೇ ಬಳಸಿದರೆ ತುದಿಗಳು ಮುರಿದು ಚಹಾದೊಳಗೆ ಬೀಳುತ್ತವೆ. ಮಜ್ಜಿಗೆ ಕಡೆದ ಹಾಗೆ ಸುತ್ತಿಸುವುದಲ್ಲ, ಬಟ್ಟಲಿನ ತಳಕ್ಕೆ ಒತ್ತುವುದೂ ಅಲ್ಲ. ತಳದಿಂದ ಕೂದಲೆಳೆಯಷ್ಟು ಮೇಲೆ ಹಿಡಿದು, ಮೊಣಕೈ ಅಲ್ಲಾಡಿಸದೆ, ಮಣಿಕಟ್ಟಿನಿಂದ ಹಿಂದೆ–ಮುಂದೆ ಚುರುಕಾಗಿ. ಕಾಲು ನಿಮಿಷದಲ್ಲಿ ನೊರೆ ಬರುತ್ತದೆ. ಕೊನೆಯಲ್ಲಿ ಮೇಲ್ಮೈಯಲ್ಲಿ ಮೆಲ್ಲಗೆ ಆಡಿಸಿ ದೊಡ್ಡ ಗುಳ್ಳೆ ಒಡೆದು, ನಡುವಿನಿಂದ ನೇರವಾಗಿ ಎತ್ತಿ. ನೊರೆಗೆ ಹಾಲು ಬೇಕಿಲ್ಲ, ಚಹಾದಲ್ಲೇ ಇರುವ ಸಪೋನಿನ್‌ಗಳು ಆ ಕೆಲಸ ಮಾಡುತ್ತವೆ.

ಬಟ್ಟಲಿನ ತುಂಬ ನೊರೆ ಬಂದರೇ ಸರಿ ಎಂದವರು ಯಾರು? ಉರಾಸೆಂಕೆ ಎಂಬ ಚಹಾ ಪರಂಪರೆಯವರು. ಒಮೊಟೆಸೆಂಕೆಯವರನ್ನು ಕೇಳಿ, ನೊರೆ ಅಷ್ಟು ಬೇಡ, ನಡುವೆ ಅರ್ಧಚಂದ್ರದಷ್ಟು ಚಹಾ ಬರಿದೇ ಕಾಣಬೇಕು ಎನ್ನುತ್ತಾರೆ. ಎರಡೂ ಮನೆತನಗಳ ಮೂಲಪುರುಷ ಒಬ್ಬನೇ. ಕಡಗೋಲಿನ ಬಿದಿರೂ ಬೇರೆ: ಮೊದಲಿನವರದು ಬಿಳಿ ಬಿದಿರು, ಎರಡನೆಯವರದು ಹೊಗೆ ಹಿಡಿದು ಕಂದಾದ ಬಿದಿರು.

ನೀರಿನ ಜಾತಿಯೂ ಮುಖ್ಯ. ಜಪಾನಿನ ನೀರು ಹೆಚ್ಚಾಗಿ ಮೆದು. ನಮ್ಮ ಬೋರ್‌ವೆಲ್ ನೀರಿನ ಸುಣ್ಣದಂಶ ರುಚಿಯನ್ನು ಸಪ್ಪೆ ಮಾಡಿ ಬಣ್ಣವನ್ನೂ ಮಂಕು ಮಾಡುತ್ತದೆ. ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುವ ಮನೆಯಲ್ಲಿ ಶುದ್ಧೀಕರಿಸಿದ ನೀರು ಬಳಸಿ.

ಗಟ್ಟಿ ಚಹಾ, ಅಂದರೆ ಕೊಯಿಚಾ, ಬೇರೆಯೇ ಪದಾರ್ಥ. ತಲೆಗೆ 4 ಗ್ರಾಂ ಪುಡಿ, ನೀರು 30–40 ಮಿಲಿಲೀಟರ್. ಕಡೆಯುವುದಿಲ್ಲ, ನಾದುತ್ತಾರೆ. ಬಟ್ಟಲು ಓರೆ ಮಾಡಿದರೆ ನಿಧಾನವಾಗಿ ಜಾರಿ ಬರುವಷ್ಟು ಮಂದ. ಅತಿಥಿಗಳೆಲ್ಲ ಒಂದೇ ಬಟ್ಟಲಿನಿಂದ ಸರದಿಯಲ್ಲಿ ಕುಡಿಯುವುದು ವಾಡಿಕೆ. ಎಂಜಲಿನ ಲೆಕ್ಕ ಇಡುವ ನಮಗೆ ಕೊಂಚ ಕಷ್ಟ! ಬಟ್ಟಲಿನ ಅಂಚು ಒರೆಸಿಯೇ ಮುಂದಿನವರಿಗೆ ಕೊಡುತ್ತಾರೆ ಎಂಬುದಷ್ಟೇ ಸಮಾಧಾನ.

ಸಕ್ಕರೆ? ಬಟ್ಟಲಿಗಲ್ಲ, ಬಾಯಿಗೆ. ಚಹಾಕ್ಕೆ ಮುಂಚೆ ಸಿಹಿ ತಿಂದು ಮುಗಿಸುತ್ತಾರೆ. ಹೆಚ್ಚಾಗಿ ಕೆಂಪು ಅಝುಕಿ ಕಾಳಿನ ಹೂರಣದ ತಿನಿಸು. ಆ ಸಿಹಿ ನಾಲಿಗೆಯ ಮೇಲೆ ಇರುವಾಗಲೇ ಚಹಾ ಬರುತ್ತದೆ. ಹೋಳಿಗೆಯ ನಾಡಿನವರಿಗೆ ಇದಕ್ಕಿಂತ ಸುಲಭದ ನಿಯಮ ಇನ್ನೊಂದಿಲ್ಲ.

ಕಡಗೋಲಿನ ಊರು

ಜಪಾನಿನಲ್ಲಿ ತಯಾರಾಗುವ ಚಾಸೆನ್‌ಗಳಲ್ಲಿ ಬಹುಪಾಲು ಬರುವುದು ನಾರಾ ಪ್ರಾಂತ್ಯದ ಇಕೊಮಾಗೆ ಸೇರಿದ ತಕಾಯಾಮಾ ಎಂಬ ಒಂದೇ ಊರಿನಿಂದ. ಬಿದಿರನ್ನು ಚಳಿಗಾಲದಲ್ಲಿ ಕುದಿಸಿ ಎಣ್ಣೆ ತೆಗೆದು, ಕೊಯ್ಲಾದ ಗದ್ದೆಯಲ್ಲಿ ಗೂಡು ಕಟ್ಟಿ ನಿಲ್ಲಿಸಿ ಬಿಸಿಲಿಗೆ ಬೆಳ್ಳಗಾಗಿಸಿ, ಆಮೇಲೆ ಒಳಗಿಟ್ಟು ಮಾಗಿಸುತ್ತಾರೆ. ಒಂದು ಚಾಸೆನ್‌ಗೆ ಒಂದೇ ತುಂಡು. ಅಂಟಿಲ್ಲ, ಮೊಳೆಯಿಲ್ಲ, ಜೋಡಣೆಯೂ ಇಲ್ಲ. ಗಿಣ್ಣಿನ ಮೇಲಿನ ಭಾಗವನ್ನು ಮೊದಲು 16 ಸೀಳು ಮಾಡಿ, ಪ್ರತಿ ಸೀಳನ್ನೂ ಮತ್ತೆ ಸೀಳುತ್ತ ಹೋಗುತ್ತಾರೆ. 80, 100, 120 ಎಂದು ಎಳೆಗಳ ಲೆಕ್ಕದಲ್ಲಿ ಮಾರುವುದು. ಕೊನೆಗೆ ತುದಿಗಳನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಾರೆ. ಆ ಹೆರೆಯುವ ಹಂತಕ್ಕೆ ಕುಶಲಕರ್ಮಿಗಳು ಕೊಟ್ಟ ಹೆಸರಿನಲ್ಲೇ ‘ರುಚಿ’ ಸೇರಿದೆ. ಚಹಾ ಹೇಗಾಗುತ್ತದೆ ಎಂಬುದು ಅಲ್ಲೇ ತೀರ್ಮಾನ ಎನ್ನುವುದು ಅವರ ನಂಬಿಕೆ.

ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಮುಳುಗಿಸಬೇಡಿ. ಬರಿ ಬಿಸಿನೀರಿನಲ್ಲಿ ಆಡಿಸಿ, ಗಾಳಿಯಾಡುವಲ್ಲಿ ಒಣಗಲು ಬಿಡಿ. ಕೊಂಡಾಗ ಬಂದ ಪ್ಲಾಸ್ಟಿಕ್ ಡಬ್ಬಿಯೊಳಗೆ ಒದ್ದೆಯಾಗಿ ತುರುಕಿದರೆ ವಾರದಲ್ಲಿ ಬೂಷ್ಟು. ಚಾಸೆನ್ ಇಲ್ಲದಿದ್ದರೆ ಬ್ಯಾಟರಿಯ ಕಾಫಿ ಬೀಟರ್ ನಡೆಯುತ್ತದೆ, ಯಾರೂ ದಂಡ ಹಾಕುವುದಿಲ್ಲ.

ತಲೆನೋವಿನಿಂದ ಶುರುವಾದ ಸಂಭ್ರಮ

ಪುಡಿ ಚಹಾವನ್ನು ಕಡೆದು ಕುಡಿಯುವುದು ಮೂಲದಲ್ಲಿ ಜಪಾನಿನದ್ದಲ್ಲ, ಚೀನಾದ್ದು. ಸೋಂಗ್ ವಂಶದ ಚಕ್ರವರ್ತಿ ಹುಯಿಜೋಂಗ್ 1107ರ ಹೊತ್ತಿಗೆ ಚಹಾದ ಮೇಲೆ ಗ್ರಂಥವನ್ನೇ ಬರೆದ. ಅದರಲ್ಲಿ ಕಡೆಯುವ ವಿಧಾನದ ವಿವರಗಳೂ ಇವೆ. ರಾಜ್ಯ ಕಳೆದುಕೊಂಡ, ಚಹಾದಲ್ಲಿ ಗೆದ್ದ. ಮುಂದೆ ಮಿಂಗ್ ವಂಶದ ಸ್ಥಾಪಕ ಹೊಂಗ್ವು 1391ರಲ್ಲಿ ಅಚ್ಚುಗಟ್ಟಿದ ಚಹಾ ಬಿಲ್ಲೆಗಳನ್ನು ಕಾಣಿಕೆಯಾಗಿ ಒಪ್ಪಿಸುವುದು ಬೇಡ, ಬಿಡಿ ಎಲೆ ಸಾಕು ಎಂದು ಆಜ್ಞೆ ಮಾಡಿದ. ಚೀನಾದಲ್ಲಿ ಪುಡಿ ಚಹಾ ಮರೆಯಾಗುತ್ತ ಬಂತು, ಕಡಲಾಚೆ ಉಳಿಯಿತು.

ಕಡಲಾಚೆಗೆ ಅದನ್ನು ಒಯ್ದವನು ಝೆನ್ ಭಿಕ್ಷು ಐಸಾಯಿ. ಚೀನಾದಿಂದ 1191ರಲ್ಲಿ ಮರಳಿದ ಅವನು ಚಹಾದ ಆರೋಗ್ಯಗುಣಗಳ ಬಗ್ಗೆ ‘ಕಿಸ್ಸಾ ಯೋಜೋಕಿ’ ಎಂಬ ಪುಸ್ತಕ ಬರೆದ. ಪುಸ್ತಕಕ್ಕೆ ಪ್ರಚಾರ ಸಿಕ್ಕಿದ್ದು ಮಾತ್ರ ವಿಚಿತ್ರವಾಗಿ. 1214ರಲ್ಲಿ ಶೋಗನ್ ಮಿನಾಮೊತೊ ನೊ ಸಾನೆತೊಮೊಗೆ ಮೈಗೆ ಸರಿಯಿರಲಿಲ್ಲ. ಹಿಂದಿನ ರಾತ್ರಿಯ ಮದ್ಯದ ಪ್ರಭಾವವಿರಬೇಕು ಎಂದು ಆ ಕಾಲದ ದಾಖಲೆಯೇ ಹೇಳುತ್ತದೆ. ಐಸಾಯಿ ಒಂದು ಬಟ್ಟಲು ಚಹಾ ತರಿಸಿ ಕುಡಿಸಿ, ಜೊತೆಗೆ ಚಹಾದ ಗುಣಗಾನ ಮಾಡುವ ಗ್ರಂಥವನ್ನೂ ಒಪ್ಪಿಸಿದ. ಶೋಗನ್ ಖುಷಿಯಾದ. ಐಸಾಯಿ ಕೊಟ್ಟ ಬೀಜಗಳನ್ನು ಮ್ಯೋಎ ಎಂಬ ಭಿಕ್ಷು ಕ್ಯೋಟೊ ಪಕ್ಕದ ತೊಗಾನೊಒದಲ್ಲಿ ಬಿತ್ತಿದನೆಂದು ಪ್ರತೀತಿ. ಮುಂದೆ ಶ್ರೀಮಂತರು ಪಂತ ಕಟ್ಟಿ, ಬಟ್ಟಲಲ್ಲಿರುವುದು ತೊಗಾನೊಒದ ‘ಅಸಲಿ’ ಚಹಾವೋ ಬೇರೆ ಊರಿನದೋ ಎಂದು ರುಚಿಯಿಂದಲೇ ಗುರುತಿಸುವ ಜೂಜಾಡಿದರು. ಆ ಜೂಜಿನ ಕೂಟಗಳಿಗೆ ಎದುರಾಗಿ ಬೆಳೆದದ್ದೇ ಸರಳತೆಯ ಚಹಾ ಪದ್ಧತಿ.

ಆ ಪದ್ಧತಿಯ ದೊಡ್ಡ ಹೆಸರು ಸೆನ್ ನೊ ರಿಕ್ಯೂ (1522–1591). ಅವನದೆಂದು ಹೇಳುವ ತಾಯ್‌ಆನ್ ಚಹಾ ಕೋಣೆ ಕ್ಯೋಟೊ ಪ್ರಾಂತ್ಯದ ಯಾಮಾಜಾಕಿಯಲ್ಲಿ ಇಂದೂ ಇದೆ. ವಿಸ್ತಾರ ಎರಡೇ ಚಾಪೆ. ಇಂಥ ಕೋಣೆಗಳ ಬಾಗಿಲು ಎರಡಡಿ ಚಿಲ್ಲರೆ, ಎಂಥ ವೀರನೂ ಕತ್ತಿ ಹೊರಗಿಟ್ಟು ಮಂಡಿಯೂರಿಯೇ ಒಳಬರಬೇಕು. ಇದೇ ರಿಕ್ಯೂವಿನ ಒಡೆಯ ತೊಯೊತೊಮಿ ಹಿದೆಯೊಶಿ ಗೋಡೆಗೆಲ್ಲ ಚಿನ್ನ ಹೊದಿಸಿದ, ಬಿಚ್ಚಿ ಒಯ್ಯಬಹುದಾದ ಚಹಾ ಕೋಣೆ ಮಾಡಿಸಿಕೊಂಡವನು. 1591ರಲ್ಲಿ ರಿಕ್ಯೂಗೆ ಹೊಟ್ಟೆ ಸೀಳಿಕೊಂಡು ಸಾಯುವಂತೆ ಆಜ್ಞೆ ಮಾಡಿದವನೂ ಅವನೇ. ಕಾರಣದ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ.

ಸಾಯುವ ಮುನ್ನ ರಿಕ್ಯೂ ಬಿದಿರಿನಲ್ಲಿ ಒಂದು ಚಾಶಾಕು ಕೆತ್ತಿ ಶಿಷ್ಯ ಫುರುತಾ ಒರಿಬೆಗೆ ಕೊಟ್ಟ. ಹೆಸರು ‘ನಾಮಿದಾ’, ಕಣ್ಣೀರು. ಒರಿಬೆ ಅದಕ್ಕೊಂದು ಕೊಳವೆ ಮಾಡಿಸಿ, ಪಕ್ಕದಲ್ಲಿ ಕಿಟಕಿ ಕೊರೆಸಿ, ಗುರುವಿನ ಸ್ಮಾರಕದಂತೆ ಅದರ ಮುಂದೆ ಕೈಮುಗಿಯುತ್ತಿದ್ದನಂತೆ. ಈಗ ಅದು ನಗೊಯಾದ ತೊಕುಗಾವಾ ಕಲಾ ಸಂಗ್ರಹಾಲಯದಲ್ಲಿದೆ. 1615ರಲ್ಲಿ ಒರಿಬೆಗೂ ಅದೇ ಬಗೆಯ ಸಾವು ಬಂತು, ಬೇರೆ ಒಡೆಯನ ಆಜ್ಞೆಯಿಂದ.

ಅದೇ ವರ್ಷ ಒಸಾಕಾ ಕೋಟೆ ಸುಟ್ಟಾಗ ಬೂದಿಯೊಳಗೆ ಹುಡುಕಿಸಿದ್ದು ಏನನ್ನು? ಚಹಾ ಪುಡಿ ತುಂಬುವ ಪುಟ್ಟ ಮಣ್ಣಿನ ಭರಣಿಯನ್ನು. ‘ತ್ಸುಕುಮೊ ನಾಸು’ ಎಂಬ ಅದು ಚೂರಾಗಿತ್ತು, ಅರಗಿನ ಕುಶಲಕರ್ಮಿಗಳು ಮತ್ತೆ ಕೂಡಿಸಿದರು. ಈಗ ಟೋಕಿಯೊದ ಸೆಯ್ಕಾದೊ ಸಂಗ್ರಹದಲ್ಲಿದೆ. ಬರಿಗಣ್ಣಿಗೆ ಬಿರುಕು ಕಾಣದು, ಎಕ್ಸ್‌ರೇ ತೆಗೆದಾಗ ತುಂಡುಗಳು ಕಂಡವು.

ನಮ್ಮ ಕಡೆಗೂ ಎರಡು ಎಳೆ ಚಾಚಿವೆ. ದಕ್ಷಿಣ ಭಾರತದವನೆಂದು ಪ್ರತೀತಿ ಇರುವ ಬೋಧಿಧರ್ಮ ಧ್ಯಾನದಲ್ಲಿ ತೂಕಡಿಸಿದ ಸಿಟ್ಟಿಗೆ ರೆಪ್ಪೆ ಕಿತ್ತೆಸೆದ, ಬಿದ್ದಲ್ಲಿ ಚಹಾ ಗಿಡ ಹುಟ್ಟಿತು ಎಂಬುದು ಜಪಾನಿ ದಂತಕಥೆ. ಇನ್ನೊಂದು ದಂತಕಥೆಯಲ್ಲ: ಚಹಾ ಪದ್ಧತಿಯನ್ನು ಇಂಗ್ಲಿಷ್ ಓದುಗರಿಗೆ 1906ರಲ್ಲಿ ಪರಿಚಯಿಸಿದ ‘ದಿ ಬುಕ್ ಆಫ್ ಟೀ’ ಬರೆದ ಒಕಾಕುರಾ ಕಾಕುಜೊ ಅದಕ್ಕೆ ಕೆಲವು ವರ್ಷ ಮುಂಚೆ ಕಲ್ಕತ್ತೆಯಲ್ಲಿ ಟಾಗೋರರ ಬಳಗದ ಜೊತೆ ಇದ್ದವರು. 1902ರ ಜನವರಿಯಲ್ಲಿ ಸ್ವಾಮಿ ವಿವೇಕಾನಂದರೊಡನೆ ಬೋಧಗಯೆಗೂ ಹೋಗಿದ್ದರು.

ನೂರಮೂವತ್ತೇಳರ ಮಹಿಮೆ

‘ಹಸಿರು ಚಹಾಕ್ಕಿಂತ 137 ಪಟ್ಟು ಆ್ಯಂಟಿಆಕ್ಸಿಡೆಂಟ್!’ ಈ ಜಾಹೀರಾತು ನೋಡದವರಿಲ್ಲ. ಅಂಕಿ ಬಂದದ್ದು 2003ರಲ್ಲಿ ಅಮೆರಿಕದ ಕೊಲರಾಡೊದಿಂದ ಪ್ರಕಟವಾದ ಒಂದು ಪ್ರಯೋಗದಿಂದ. ಅಲ್ಲಿ ಹೋಲಿಸಿದ್ದು ಒಂದೇ ಒಂದು ವಸ್ತು, ಇಜಿಸಿಜಿ ಎಂಬ ಕ್ಯಾಟೆಚಿನ್. ಎದುರಿಗೆ ಇಟ್ಟದ್ದೂ ಒಂದೇ ಒಂದು ಬಗೆಯ ಚೀನೀ ಹಸಿರು ಚಹಾ. ಬೇರೆ ಹಸಿರು ಚಹಾಗಳ ಬಗ್ಗೆ ಅದುವರೆಗೆ ಪ್ರಕಟವಾಗಿದ್ದ ಅತಿ ಹೆಚ್ಚಿನ ಪ್ರಮಾಣಕ್ಕೆ ಹೋಲಿಸಿದರೆ ಕನಿಷ್ಠ ಮೂರು ಪಟ್ಟು ಎಂದು ಅದೇ ಲೇಖನ ಹೇಳಿತ್ತು. ಮೂರನ್ನು ಬಿಟ್ಟು 137 ಹಿಡಿದುಕೊಂಡರು. ತಮಾಷೆಯೆಂದರೆ ನೆರಳು ಕಟ್ಟುವುದೇ ಕ್ಯಾಟೆಚಿನ್ ತಗ್ಗಿಸಲು. ಎಲೆಯನ್ನು ಪೂರ್ತಿ ನುಂಗುತ್ತೇವಾದ್ದರಿಂದ ಮಾಚಾದಲ್ಲಿ ಹೆಚ್ಚು ಸಿಗುತ್ತದೆ, ಅಷ್ಟೇ.

ಕೆಫೀನ್ ಎಷ್ಟು? ಜಪಾನಿನ ಅಧಿಕೃತ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಮಾಚಾದಲ್ಲಿ 3.2 ಗ್ರಾಂ. 2 ಗ್ರಾಂ ಪುಡಿಗೆ 64 ಮಿಲಿಗ್ರಾಂ ಆಯಿತು. ಅದೇ ಪಟ್ಟಿಯಲ್ಲಿ 100 ಮಿಲಿಲೀಟರ್ ಕಾಫಿಗೆ 60. ರಾತ್ರಿ ಊಟದ ಮೇಲೆ ‘ಹಗುರವಾಗಿರಲಿ’ ಎಂದು ಮಾಚಾ ಕುಡಿದು ಹಾಸಿಗೆಯಲ್ಲಿ ಹೊರಳಾಡಿದರೆ ಆಶ್ಚರ್ಯವಿಲ್ಲ.

ಊಟದ ಜೊತೆಗೆ ಬೇಡ. ಚಹಾದ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ರಾಗಿಯಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು. ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿತ್ಯದ ಅಭ್ಯಾಸ ಮಾಡಬಾರದು, ಈ ಪುಡಿಯಲ್ಲಿ ವಿಟಮಿನ್ ‘ಕೆ’ ಚೆನ್ನಾಗಿಯೇ ಇದೆ.

ಜಪಾನಿನಲ್ಲೇ ಮಾಚಾ ಸಿಗದೆ ಹೋದದ್ದು ಗೊತ್ತೇ? 2024ರ ಶರತ್ಕಾಲದಲ್ಲಿ ಕ್ಯೋಟೊದ ಇಪ್ಪೊದೊ, ಊಜಿಯ ಮಾರುಕ್ಯು ಕೊಯಾಮಾಎನ್‌ನಂಥ ಹೆಸರಾಂತ ಅಂಗಡಿಗಳು ತಲೆಗೆ ಇಷ್ಟೇ ಡಬ್ಬಿ ಎಂದು ಮಿತಿ ಹಾಕಿದವು. ಆ ವರ್ಷ ಜಪಾನಿನ ಹಸಿರು ಚಹಾ ರಫ್ತು 36.4 ಶತಕೋಟಿ ಯೆನ್ ಮುಟ್ಟಿತ್ತು. 2025ರ ವಸಂತದಲ್ಲಿ ಕ್ಯೋಟೊ ಹರಾಜಿನಲ್ಲಿ ತೆಂಚಾ ಕಿಲೋಗೆ ಸರಾಸರಿ 8,000 ಯೆನ್ ದಾಟಿತು. ಬೇಡಿಕೆ ಬಂತೆಂದು ಎಲೆ ಬರುವುದಿಲ್ಲವಲ್ಲ. ಹೊಸ ಗಿಡ ನೆಟ್ಟರೆ ಒಳ್ಳೆಯ ಕೊಯ್ಲಿಗೆ ಐದು ವರ್ಷ ಬೇಕು, ಚಪ್ಪರ ಏರಿ ಹುಲ್ಲು ಹರವುವ ಕೈಗಳು ಮುದಿಯಾಗಿವೆ, ಕಲ್ಲು ಗಂಟೆಗೆ 40 ಗ್ರಾಂ ಮೀರುವುದಿಲ್ಲ. ಲಾಟೆಯ ಬೆಲೆಯಲ್ಲಿ ಕೆಫೆಯ ಬಾಡಿಗೆ ಕಳೆದು ಉಳಿಯುವುದು ಈ ಲೆಕ್ಕವೇ.

ಅಡುಗೆಮನೆಗೆ ಬಂದರೆ, ಮಾಚಾದ ಹಸಿರಿಗೆ ಹುಳಿ ಮತ್ತು ಬೆಂಕಿ ಇಬ್ಬರೂ ವೈರಿಗಳು. ನಿಂಬೆರಸ ಹಿಂಡಿದರೆ ಪತ್ರಹರಿತ್ತು ತನ್ನ ಮೆಗ್ನೀಸಿಯಂ ಕಳೆದುಕೊಂಡು ಮಾಸಲು ಬಣ್ಣಕ್ಕೆ ತಿರುಗುತ್ತದೆ. ಕೇಕು ಒಲೆಯಲ್ಲಿ ಹೆಚ್ಚು ಹೊತ್ತು ಇದ್ದರೂ ಹಾಗೆಯೇ. ತಣ್ಣನೆಯ ತಿನಿಸುಗಳಲ್ಲೇ ಅದು ಮೆರೆಯುತ್ತದೆ. ಹಾಗೆನ್ ಡಾಜ್ 1996ರಲ್ಲಿ ಜಪಾನಿನಲ್ಲಿ ಹಸಿರು ಚಹಾದ ಐಸ್‌ಕ್ರೀಮ್ ತಂದಿತು, 2004ರಲ್ಲಿ ಕಿಟ್‌ಕ್ಯಾಟ್ ಕೂಡ ಹಸಿರಾಯಿತು.

ಡಬ್ಬಿಯ ತಳದಲ್ಲಿ ಬಣ್ಣ ಕಳೆದುಕೊಂಡ ಎರಡು ಚಮಚ ಪುಡಿ ಉಳಿದಿದ್ದರೆ ಎಸೆಯಬೇಡಿ. ಜಪಾನಿನಲ್ಲಿ ತೆಂಪುರಾ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ, ಬಡಿಸುವಾಗ ಪಕ್ಕಕ್ಕೆ ಮಾಚಾ ಉಪ್ಪು ಇಡುತ್ತಾರೆ. ಒಂದು ಪಾಲು ಪುಡಿಗೆ ಎರಡು ಪಾಲು ಹುರಿದು ಆರಿಸಿದ ನುಣ್ಣನೆ ಉಪ್ಪು ಬೆರೆಸಿದರಾಯಿತು. ಹಿಟ್ಟಿಗೆ ಉಪ್ಪು ಕಡಿಮೆ ಹಾಕಿ ಕರಿದ ಹೀರೇಕಾಯಿ ಬಜ್ಜಿಯ ಮೇಲೆ ಬಿಸಿಬಿಸಿ ಇರುವಾಗಲೇ ಉದುರಿಸಿ. ಚಟ್ನಿಯನ್ನು ಯಾರೂ ಕೇಳುವುದಿಲ್ಲ.